ಪಂಚೆಯೊಂದು ಕುಂಡಿಬಟ್ಟೆಯಾದದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ಬೇರೆಯವರ ಬಾಯಿಂದ ಕೇಳಿ ನನ್ನನ್ನು ಇನ್ನೂ ಒಂದು ಕೈ ಹೆಚ್ಚಾಗಿ ಬಯ್ಯುವುದು ಬೇಡ. ನಮ್ಮಕ್ಕನ ಮಗಳು ಪುಟ್ಟಿಯ ಕುಂಡಿ ಹಣ್ಣು ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿದ್ದರಲ್ಲಿ ಅರ್ಧ ಪಾಲು ಅದರ ಸೂಕ್ಷ್ಮ ಚರ್ಮದ್ದು, ಉಳಿದರ್ಧ ನನ್ನ ಗಂಟಲಿನದು. ಗಂಟಲಿಗೂ ಕುಂಡಿಗೂ ಎಲ್ಲಿಯ ಸಂಬಂಧ ಎಂದು ನೀವು ಹುಬ್ಬೇರಿಸುವುದು ಸಹಜ. ದೇವರು ಅವೆರಡನ್ನೂ ಸಾಕಷ್ಟು ದೂರದಲ್ಲೇ ಇಟ್ಟಿದ್ದಾನೆ. ಆದರೆ ನನ್ನಂಥ ಮಿಮಿಕ್ರಿಯವನೊಬ್ಬ ಮನೆಯಲ್ಲಿದ್ದರೆ ಆ ದೂರವನ್ನು ದಾಟಲು ಒಂದು ಫೋನ್ ಕರೆ ಸಾಕು.

ಇದನ್ನು ಬರೆಯುವಾಗ ನಮ್ಮ ಹಿತ್ತಿಲಿನ ತಂತಿ ನನ್ನ ಕಣ್ಣೆದುರಿಗಿದೆ. ಅದರ ಮೇಲೆ ಪುಟ್ಟಿಯ ಕುಂಡಿಬಟ್ಟೆಗಳು ಸಾಲಾಗಿ ಒಣಗುತ್ತಿವೆ: ಅಜ್ಜಿಯ ಹಳೇ ಸೀರೆಯ ಚೌಕಗಳು, ಅಪ್ಪನ ಸವೆದ ಲುಂಗಿಯ ಚೌಕಗಳು. ಅವುಗಳ ನಡುವೆ ಕೆಲವು ಮಿಕ್ಕವಕ್ಕಿಂತ ಬೆಳ್ಳಗೆ, ನುಣುಪಾಗಿ, ತಾವೇನೋ ದೊಡ್ಡ ಮನೆತನದವು ಎಂಬ ಜಂಬದಲ್ಲಿ ಹಾರಾಡುತ್ತಿವೆ. ಆ ಬಿಳಿಯ ತುಂಡುಗಳು ತಂತಿಗೇರಿದ್ದು ಹೇಗೆ ಎಂಬುದೇ ನನ್ನ ಈ ಪುರಾಣ.

ಹಗಲು ಹೊತ್ತು ಸರಗೂರಿನ ಗೊಬ್ಬರದಂಗಡಿಯಲ್ಲಿ ಚೀಟಿ ಹರಿಯುವವನು ನಾನು. ಮದುವೆ, ಶಾಲೆಯ ವಾರ್ಷಿಕೋತ್ಸವ ಅಂತ ಯಾರಾದರೂ ಕರೆದರೆ ಜರಿಯಂಚಿನ ಪಂಚೆಯುಟ್ಟು ವೇದಿಕೆಯೇರಿ ಬಸ್ ಕಂಡಕ್ಟರು, ಭಾಷಣದ ಮುಖಂಡರು, ಮೊಟ್ಟೆಯಿಟ್ಟ ಕೋಳಿ, ನೀರು ಸಿಗದೆ ಗೊರಗುಟ್ಟುವ ಬೋರ್‌ವೆಲ್ ಮೋಟರು, ಎಲ್ಲದರ ದನಿಯನ್ನೂ ತೆಗೆದು ತೋರಿಸುತ್ತೇನೆ. ನಿನ್ನ ಸ್ವಂತ ದನಿ ಯಾವುದಪ್ಪಾ ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ.

ಅಕ್ಕನನ್ನು ಕೊಟ್ಟಿರುವುದು ಪಿರಿಯಾಪಟ್ಟಣದ ಕಡೆ, ಹೊಗೆಸೊಪ್ಪು ಬೆಳೆಯುವ ಮನೆಗೆ. ಬಾಣಂತನಕ್ಕೆಂದು ತವರಿಗೆ ಬಂದವಳ ಮಗಳಿಗೆ ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಎರಡು ಕಾಟ ಶುರುವಾದವು. ಮೇಲೆ, ಬೆಣ್ಣೆಯಂತಿದ್ದ ಕೆನ್ನೆ ಅಕ್ಕಿರೊಟ್ಟಿಯ ಹಾಗೆ ಒರಟಾಗಿ ಅಲ್ಲಲ್ಲಿ ಕೆಂಪೇರಿತು. ಕೈಕಾಲಿನ ಮೇಲೂ ಅಂಥದೇ ತೇಪೆಗಳು. ಕೆಳಗೆ, ಡೈಪರ್ ಕಟ್ಟುವ ಜಾಗವೆಲ್ಲ ಉರಿಗೆಂಪು. ಮಗು ಕೆನ್ನೆಯನ್ನು ಅಕ್ಕನ ಹೆಗಲಿಗೆ ತಿಕ್ಕಿ ತಿಕ್ಕಿ ಅಳುತ್ತಿತ್ತು. ಅಕ್ಕ ಊಟದ ತಟ್ಟೆಯ ಮುಂದೆ ಕೂತೇ ತೂಕಡಿಸುತ್ತಿದ್ದಳು.

ಮಗುವಿನ ಮೈಮೇಲೆ ಒಂದು ಗುಳ್ಳೆ ಎದ್ದರೆ ನಮ್ಮೂರಿನಲ್ಲಿ ಹತ್ತು ವೈದ್ಯರು ಏಳುತ್ತಾರೆ. ಬೇವಿನಸೊಪ್ಪು ಅರೆದು ಹಚ್ಚಿ ಎಂದವರುಂಟು, ಯಾರದೋ ಕಣ್ಣು ಬಿದ್ದಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಮನೆಮಂದಿಯನ್ನೆಲ್ಲ ಕೆಮ್ಮಿಸಿದವರುಂಟು. ಆದರೆ ಇವರೆಲ್ಲರ ಮೇಲೆ ಅಧಿಕಾರ ನಡೆಸುವವಳು ನಮ್ಮಜ್ಜಿ. ದಿನವೂ ಬಚ್ಚಲಲ್ಲಿ ಕಾಲು ಚಾಚಿ ಕೂತು, ಪುಟ್ಟಿಯನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಕಡ್ಲೆಹಿಟ್ಟಿನಲ್ಲಿ ಉಜ್ಜಿ, ಹಂಡೆಯ ಹಬೆಯಾಡುವ ನೀರನ್ನು ಚೊಂಬು ಚೊಂಬಾಗಿ ಹುಯ್ದು, ಸಾಂಬ್ರಾಣಿ ಹೊಗೆಯಲ್ಲಿ ಹದಗೊಳಿಸಿ, ಪೌಡರಿನಲ್ಲಿ ಹೊರಳಿಸಿ ಈಚೆಗೆ ಕೊಡುತ್ತಿದ್ದಳು. ಕಾದ ಹೆಂಚಿನ ಮೇಲಿನ ರೊಟ್ಟಿಯನ್ನು ಬರಿಗೈಲಿ ತಿರುವಿಹಾಕುವ ಅಜ್ಜಿಯ ಅಂಗೈಗೆ ಬಿಸಿ ಎಂಬುದೊಂದು ಕೇಳಿ ಗೊತ್ತಿರುವ ಸುದ್ದಿ ಮಾತ್ರ. ಸೋದರಮಾವನಾದ ನನ್ನ ಕೊಡುಗೆ ಡೈಪರ್. ಪೊಟ್ಟಣದ ಮೇಲೆ ಹನ್ನೆರಡು ಗಂಟೆ ಎಂದು ಅಚ್ಚಾಗಿತ್ತು. ಅಚ್ಚಾದದ್ದನ್ನೆಲ್ಲ ನಂಬುವ ನಾನು ಅದನ್ನು ಏಕಾದಶಿಯ ಉಪವಾಸದಷ್ಟು ನಿಷ್ಠೆಯಿಂದ ಪಾಲಿಸಲು ಹೇಳಿಕೊಟ್ಟಿದ್ದೆ.

ಕಡೆಗೊಂದು ದಿನ ಅಜ್ಜಿ, "ಬಿಸ್ಲಲ್ಲಿ ಕೂಸ್ನ ಎತ್ಕ ಓಗೋದ್ ಬ್ಯಾಡ. ನೀನೇ ಅಂಡ್‌ಪೋಸ್ಟ್‌ಗೆ ಓಗಿ ಡಾಕ್ಟ್ರ ಕೇಳ್ಕ ಬಾಲಾ. ಬರೀ ಬಾಯ್ ಬಡ್ಕಂಡು ತಿರುಗ್ತೀಯ" ಎಂದಳು.

ಹೋದೆ. ಅಜ್ಜಿಯ ಬಾಯಲ್ಲಿ ಅಂಡ್‌ಪೋಸ್ಟಾಗುವ ಪೇಟೆ ಹ್ಯಾಂಡ್‌ಪೋಸ್ಟಿನ ಮಕ್ಕಳ ಡಾಕ್ಟರ ಬಾಗಿಲಲ್ಲಿ ಅಷ್ಟೂ ಬೆಂಚು ತುಂಬಿ, ಮಕ್ಕಳು ಶ್ರುತಿಗೊಂದು ಲಯಕ್ಕೊಂದರಂತೆ ಅಳುತ್ತಿದ್ದವು. ಸ್ವಲ್ಪ ಹೊತ್ತು ನಿಂತೆ. ಬಾಗಿಲ ಸಂದಿಯಿಂದ ಡಾಕ್ಟರ ದನಿ ತೇಲಿಬಂತು: ಮೂಗಿನಲ್ಲಿ ಹುಟ್ಟಿ ಎದೆಗಿಳಿಯುವ "ಹ್ಞಾಂ… ನೋಡೀಮ್ಮಾ". ಅಷ್ಟು ಸಿಕ್ಕ ಮೇಲೆ ನನ್ನ ಕಸುಬಿನವನಿಗೆ ನಿಲ್ಲಲಾಗುತ್ತದೆಯೇ? ಸಲಹೆ ತರಲು ಹೋದವನು ದನಿ ಹೊತ್ತುಕೊಂಡು ಹೊರಟುಬಿಟ್ಟೆ. ದಾರಿಯಲ್ಲಿ ಔಷಧಿಯಂಗಡಿಗೆ ನುಗ್ಗಿ, ಹೋದ ಬೇಸಗೆಯಲ್ಲಿ ನನ್ನ ತೊಡೆಸಂದಿಯ ನವೆಯನ್ನು ಅಡಗಿಸಿದ್ದ ಟ್ಯೂಬನ್ನೇ ಕೇಳಿ ಕೊಂಡೆ. ಸೋದರಮಾವನಿಗಾದದ್ದು ಸೊಸೆಗೂ ಆಗಲಿ ಎಂಬ ವಿಶಾಲ ಮನಸ್ಸು. ಆಮೇಲೆ ಗೆಳೆಯನೊಬ್ಬನ ಫೋನು ಇಸಿದುಕೊಂಡು ಮನೆಗೆ ಮಾಡಿದೆ. ಅಜ್ಜಿಯೇ ಎತ್ತಿದಳು.

"ಹ್ಞಾಂ… ನೋಡೀಮ್ಮಾ, ಗಾಬರಿ ಏನೂ ಇಲ್ಲ. ಹುಡುಗನ ಕೈಲಿ ಮುಲಾಮು ಕಳ್ಸಿದೀನಿ. ಕೆನ್ನೆಗೂ ಹಚ್ಚಿ, ಕೆಳಗೂ ಹಚ್ಚಿ. ಹುಡುಗ ಬಹಳ ಬುದ್ಧಿವಂತ."

"ಆಗ್ಲಿ ಬುದ್ದೀ," ಎಂದಳು ಅಜ್ಜಿ, ಡಾಕ್ಟರ ಎದುರಲ್ಲೇ ಕೈಕಟ್ಟಿ ನಿಂತವಳ ವಿನಯದಲ್ಲಿ.

ಎರಡೇ ದಿನಕ್ಕೆ ಕೆಂಪೆಲ್ಲ ಮಾಯ! ಆ ಎರಡು ದಿನ ನಾನು ಅಂಗಳದಲ್ಲಿ ಓಡಾಡಿದ ಗತ್ತನ್ನು ನೀವು ನೋಡಬೇಕಿತ್ತು. ಆದರೆ ಚರ್ಮ ಎಂಬುದು ವಿಚಿತ್ರ ಪದಾರ್ಥ. ನಾಲಗೆ ಯಾರ ಹಾಗೆ ಬೇಕಾದರೂ ಆಡೀತು, ಮುಖ ಯಾವ ಭಾವವನ್ನು ಬೇಕಾದರೂ ತಳೆದೀತು. ಚರ್ಮಕ್ಕೆ ಮಾತ್ರ ಅನುಕರಣೆ ಒಲಿದಿಲ್ಲ. ವಾಸಿಯಾದಂತೆ ನಟಿಸು ಎಂದು ಅದನ್ನು ಗದರಿಸಿದರೆ ಒಂದೆರಡು ದಿನ ನಟಿಸೀತು, ಮೂರನೆಯ ದಿನ ವೇಷ ಕಳಚಿ ನಿಜ ನುಡಿಯುತ್ತದೆ. ಎಮ್ಮೆಚರ್ಮದವನಾದ ನನಗೆ ಇದು ಗೊತ್ತಿರಲಿಲ್ಲ. ನನ್ನದು ಬಯ್ಗುಳಗಳಿಂದಲೇ ಹದವಾದ ತೊಗಲು. ಪುಟ್ಟಿಯದೋ ಜಗತ್ತಿಗೆ ಬಂದು ನಾಲ್ಕು ತಿಂಗಳಾದ, ಗಾಳಿಯ ಪರಿಚಯವೂ ಪೂರ್ತಿ ಆಗಿರದ ಪರದೆ. ಕೆಂಪು ಮರಳಿ ಬಂತು, ನೆಂಟರನ್ನೂ ಕರೆದುಕೊಂಡು. ಮಡಿಕೆಗಳೆಲ್ಲ ಹಸಿಹಸಿ ಹೊಳೆಯತೊಡಗಿದವು, ಅಂಚಿನಲ್ಲಿ ಸಣ್ಣ ಗುಳ್ಳೆಗಳು ಎದ್ದವು, ಕೆನ್ನೆ ಬಿರಿಯಿತು.

ಆ ವಾರವೇ ಒಂದು ಮಧ್ಯಾಹ್ನ ಕೇರಿಯ ಹೆಂಗಸರು ಮಗು ನೋಡಲು ಬಂದು ಜಗಲಿಯಲ್ಲಿ ಕೂತರು. ಏನಾದರೂ ಮಾಡೋ ಎಂದರು. ಅಜ್ಜಿಯನ್ನು ಮಾಡಿದೆ, ನಕ್ಕರು. ನನ್ನನ್ನೇ ಮಾಡಿದೆ, ಇನ್ನೂ ನಕ್ಕರು. ಕೊನೆಗೆ ಪುಟ್ಟಿಯ ಅಳುವನ್ನು ಮಾಡಿದೆ. ಅದರ ಅಳುವನ್ನೆಲ್ಲ ನಾನು ಕಿವಿಗೊಟ್ಟು ಕಲಿತಿದ್ದೆ: ಹಸಿವಿನದು ಮೆಟ್ಟಿಲು ಹತ್ತುತ್ತದೆ, ನಿದ್ದೆಯದು ಜೋಕಾಲಿಯಾಡುತ್ತದೆ. ಹಸಿಗಾಯಕ್ಕೆ ಉಚ್ಚೆ ತಾಗಿದಾಗಿನದು ಮಾತ್ರ ಬೇರೆ. ಮೊದಲು ಸದ್ದೇ ಬರುವುದಿಲ್ಲ, ಬಾಯಿ ತೆರೆದು ಉಸಿರು ಸಿಕ್ಕಿಕೊಳ್ಳುತ್ತದೆ, ಆಮೇಲೆ ಎಲ್ಲ ಒಟ್ಟಿಗೆ ಹರಿದುಬರುತ್ತದೆ. ಅದನ್ನೇ ತೆಗೆದೆ. ಹೆಂಗಸರು ಕೈತಟ್ಟಿದರು. ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಅಕ್ಕ ಸೋಪಿನ ಕೈಯಲ್ಲೇ ಓಡಿಬಂದು ತೊಟ್ಟಿಲಿಗೆ ಬಗ್ಗಿದಳು. ಮಗು ಮಲಗಿತ್ತು. ತಿರುಗಿ ನನ್ನನ್ನು ನೋಡಿದಳು. ನೊರೆ ಅವಳ ಮೊಣಕೈಯಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಅದು ಅಂಗೇ ಅಳ್ತದೆ ಕಣೋ," ಎಂದಳು, ಅಷ್ಟೇ.

ನನ್ನ ಕಲೆಗೆ ಇಷ್ಟು ನಿಖರವಾದ ಪ್ರಶಂಸೆ ಹಿಂದೆಂದೂ ಸಿಕ್ಕಿರಲಿಲ್ಲ. ಇಷ್ಟು ಚಳಿ ಹಿಡಿಸಿದ್ದೂ ಇಲ್ಲ. ನಾಳೆಯೇ ಡಾಕ್ಟರ ಹತ್ತಿರ ಹೋಗೋಣ, ಎಲ್ಲರೂ ಹೋಗೋಣ ಎಂದೆ. ಟ್ಯೂಬಿನ ಮಾತು ಮಾತ್ರ ಗಂಟಲಲ್ಲೇ ಉಳಿಯಿತು. ಊರಿನವರೆಲ್ಲರ ಬಾಯಲ್ಲಿ ಮಾತಾಡಬಲ್ಲವನಿಗೆ ತನ್ನ ಬಾಯಲ್ಲಿ ಆಡಬೇಕಾದ ಒಂದು ಮಾತು ಏಳಲಿಲ್ಲ.

ಹ್ಯಾಂಡ್‌ಪೋಸ್ಟಿನಲ್ಲಿ ಡಾಕ್ಟರು ಮಗುವನ್ನು ನೋಡಿ ಕನ್ನಡಕ ಮೇಲೇರಿಸಿದರು. "ಇದಕ್ಕೆ ಏನು ಹಚ್ಚಿದ್ರಿ?"

"ನೀವೇ ಕಳ್ಸಿದ್ದು ಬುದ್ದಿ, ಪೋನಲ್ಲೂ ಯೋಳುದ್ರಲ್ಲ," ಎಂದಳು ಅಜ್ಜಿ, ಸೆರಗಿನ ಗಂಟಿನಿಂದ ಟ್ಯೂಬು ತೆಗೆದು.

"ನಾನಾ? ಹ್ಞಾಂ… ನೋಡೀಮ್ಮಾ, ನಾನು ಯಾರಿಗೂ—"

ಆ 'ಹ್ಞಾಂ' ಬಿದ್ದದ್ದೇ ತಡ, ಅಕ್ಕನ ಕತ್ತು ನಿಧಾನವಾಗಿ ನನ್ನ ಕಡೆಗೆ ತಿರುಗಿತು. ಅಜ್ಜಿಯದು ಅವಳಿಗಿಂತ ಬೇಗ ತಿರುಗಿತು. "ಉಡುಗ ಬುದ್ದಿವಂತ ಅಂದಾಗ್ಲೇ ನಂಗೆ ಅನ್ಮಾನ ಬಂತು," ಎಂದಳು, "ಓದ್ಕಂಡ ಡಾಕ್ಟ್ರು ಅಂಗಂದಾರಾ ಅಂತ."

ಇನ್ನು ಮುಚ್ಚಿಡಲು ಏನಿತ್ತು? ನನ್ನದೇ ದನಿಯಲ್ಲಿ, ಅದು ಯಾವುದೆಂದು ಅವತ್ತು ಗೊತ್ತಾಯಿತು, ತೀರ ತೆಳ್ಳನೆಯದು, ಎಲ್ಲವನ್ನೂ ಹೇಳಿದೆ. ಡಾಕ್ಟರು ಕೇಳಿಸಿಕೊಂಡು, "ಎಲ್ಲಿ, ನನ್ನ ಹಾಗೆ ಮಾಡು ನೋಡೋಣ" ಎಂದರು. ಮಾಡಿದೆ. ಪಕ್ಕದಲ್ಲಿದ್ದ ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ಡಾಕ್ಟರು ನಗಲಿಲ್ಲ. "ದನಿ ಪರವಾಗಿಲ್ಲ. ಔಷಧಿ ಅನ್ಯಾಯದ್ದು. ಇದರಲ್ಲಿರೋ ಸ್ಟೀರಾಯ್ಡು ನಿನ್ನ ತೊಡೆಗೇ ಕೇಳದೆ ಹಚ್ಚಬಾರದು. ಕೆಂಪನ್ನ ಮೇಲೆ ಮೇಲೆ ಅಡಗಿಸುತ್ತೆ, ಒಳಗೆ ಚರ್ಮನ ತೆಳ್ಳಗೆ ಮಾಡುತ್ತೆ, ಬೂಸ್ಟು, ಅಂದ್ರೆ ಫಂಗಸ್ಸು, ಬೆಳೆಯೋಕೆ ದಾರಿ ಬಿಡುತ್ತೆ," ಎಂದರು.

ಆಮೇಲೆ ಅವರು ಬಿಡಿಸಿ ಹೇಳಿದ್ದರ ಸಾರ ಇಷ್ಟು. ಮೇಲಿನದು ಬೇರೆ, ಕೆಳಗಿನದು ಬೇರೆ. ಕೆನ್ನೆಯದು ಎಕ್ಸಿಮಾ, ಹುಟ್ಟಿನಿಂದಲೇ ಒಣಗುವ ಗುಣದ ಚರ್ಮದ ಗೋಳು. ಅದಕ್ಕೆ ಬೇಕಾದದ್ದು ಉಗುರುಬೆಚ್ಚಗಿನ ನೀರಲ್ಲಿ ಬೇಗ ಮುಗಿಯುವ ಸ್ನಾನ, ಮೈ ಇನ್ನೂ ಪಸೆಯಾಗಿರುವಾಗಲೇ ವಾಸನೆಯಿಲ್ಲದ ಜಿಡ್ಡು ಮುಲಾಮು, ಮೆತ್ತನೆಯ ಹತ್ತಿಬಟ್ಟೆ; ಬೇಡವಾದದ್ದು ಉಜ್ಜುವ ಹಿಟ್ಟು, ಪೌಡರು, ಹೊಗೆ. ಕೆಳಗಿನದು ಒದ್ದೆ ಕೂಡಿಹಾಕಿದ ಪಾಪ, ಈಗ ಅದರ ಮೇಲೆ ಬೂಸ್ಟು ಬೇರೆ. ಒದ್ದೆಯಾದೊಡನೆ ಬಿಚ್ಚಬೇಕು, ಬರಿನೀರಲ್ಲಿ ತೊಳೆದು ಒತ್ತಿ ಒರೆಸಬೇಕು, ತಿಕ್ಕಬಾರದು, ದಿನಕ್ಕಿಷ್ಟು ಹೊತ್ತು ಏನೂ ಕಟ್ಟದೆ ಗಾಳಿಗೆ ಬಿಡಬೇಕು; ಬೂಸ್ಟಿಗೆ ಒಂದು ಮುಲಾಮು, ಅದು ಮುಗಿದ ಮೇಲೆ ಜಿಂಕ್‌ನ ಬಿಳಿ ಮುಲಾಮು ಗೋಡೆಗೆ ಸುಣ್ಣ ಬಳಿದಂತೆ ದಪ್ಪಗೆ. ಬೂಸ್ಟಿನ ಮುಲಾಮಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನಿಮ್ಮಲ್ಲೂ ನನ್ನಂಥವನೊಬ್ಬ ಅಂಗಡಿಗೆ ಓಡಿಯಾನು.

ಹೊರಡುವಾಗ ಡಾಕ್ಟರು ನನಗೆ ಶಿಕ್ಷೆ ವಿಧಿಸಿದರು. "ದಿನಾ ಸ್ನಾನದ ಹೊತ್ತಿಗೆ ಬಚ್ಚಲ ಬಾಗಿಲಲ್ಲಿ ನಿಂತು ಇಷ್ಟನ್ನೂ ನನ್ನ ದನೀಲೇ ಹೇಳು. ಒಂದಕ್ಷರ ಸೇರಿಸಬೇಡ."

ಮಾರನೆಯ ದಿನ ಅಜ್ಜಿ ಚೊಂಬು ಎತ್ತಿದಾಗ, "ಹ್ಞಾಂ… ನೋಡೀಮ್ಮಾ, ನೀರು ಉಗುರುಬೆಚ್ಚಗಿರಲಿ" ಎಂದೆ. "ಇಗ ಡಾಕ್ಟ್ರೇ, ನೀವೇ ನೋಡ್ಕಳಿ" ಎಂದು ಅಜ್ಜಿ ಆ ಚೊಂಬನ್ನು ನನ್ನ ಪಾದದ ಮೇಲೆ ಹುಯ್ದಳು. ನಾನು ಆಗ ಹೊರಡಿಸಿದ ಸದ್ದು ಯಾರ ಅನುಕರಣೆಯೂ ಆಗಿರಲಿಲ್ಲ. ಆ ಭಾನುವಾರ ಬಂದ ಭಾವ ಈ ಕಥೆಯನ್ನೆಲ್ಲ ಕೇಳಿ ಬೆಪ್ಪಾಗಿ ಕೂತರು. ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸುವ ಬ್ಯಾರನ್ ಮನೆಯ ಮುಂದೆ ಥರ್ಮಾಮೀಟರಿನಿಂದ ಕಣ್ಣು ಕೀಳದ ಮನುಷ್ಯ ಅವರು. "ಒಂದ್ ಡಿಗ್ರಿ ಎಚ್ಚಾದ್ರೆ ಎಲೆ ಬಣ್ಣ ಓಯ್ತದೆ ಅಂತ ಕಾಯ್ತೀನಿ ಕಣ್ರೀ ಅಜ್ಜಿ," ಎಂದರು, "ನನ್ ಮಗಳ ನೀರ್ನ ಯಾರೂ ನೋಡ್ನಿಲ್ವಾ?" ಅಳಿಯನ ಮಾತು ಅಜ್ಜಿಗೆ ನಾಟಿತು. ಅವತ್ತಿನಿಂದ ಅಂಗೈಯನ್ನು ಬಿಟ್ಟು ಮೊಣಕೈ ಅದ್ದಿ ನೋಡತೊಡಗಿದಳು. ಮೊಣಕೈ ರೊಟ್ಟಿ ತಿರುವಿದ್ದಲ್ಲ; ಅದಕ್ಕಿನ್ನೂ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅವಳೇ "ತ್ಚು, ಕೂಸು ಇಷ್ಟ್ ದಿನ ಎಂಗ್ ತಡಕತ್ತೋ" ಎಂದದ್ದು ನನಗೆ ಕೇಳಿಸಿತು. ಅದನ್ನು ಮಾತ್ರ ನಾನು ಯಾವ ವೇದಿಕೆಯಲ್ಲೂ ಮಾಡಿಲ್ಲ.

ಕೆಳಗಿನ ಕೆಂಪು ದಿನದಿನಕ್ಕೆ ಮಾಸಿ ಹತ್ತು ಹನ್ನೆರಡು ದಿನಕ್ಕೆ ಪುಟ್ಟಿಯ ಕುಂಡಿ ಮತ್ತೆ ತನ್ನ ಬಣ್ಣಕ್ಕೆ ಬಂತು. ಕೆನ್ನೆಯದು ಹೋಗಿಬಂದು ಮಾಡುವ ನೆಂಟ. ಬಂದಾಗ ಜಿಡ್ಡು ಬಳಿದು ಮರ್ಯಾದೆ ಮಾಡಿ ಕಳಿಸುವುದನ್ನು ಅಕ್ಕ ಕಲಿತಿದ್ದಾಳೆ. ಈಗ ಅವಳು ತಟ್ಟೆಯ ಮುಂದೆ ತೂಕಡಿಸುವುದಿಲ್ಲ, ಉಪ್ಪು ಕಮ್ಮಿ ಎಂದು ಜಗಳ ತೆಗೆಯುತ್ತಾಳೆ.

ಡೈಪರ್ ಕಡಿಮೆಯಾದಂತೆ ಮನೆಯಲ್ಲಿ ಬಟ್ಟೆಗೆ ಬರ ಬಂತು. ಮೋಡದ ದಿನಗಳು, ಒಗೆದದ್ದು ಒಣಗದು. ಹೊಸ ಬಟ್ಟೆ ಒರಟು, ಆಗದು. ಒಂದು ಬೆಳಿಗ್ಗೆ, ಹುಣಸೂರಿನ ಮದುವೆಯೊಂದರ ಕಾರ್ಯಕ್ರಮಕ್ಕೆ ಹೊರಡಲು ಪೆಟ್ಟಿಗೆ ತೆಗೆದರೆ ನನ್ನ ಜರಿಯಂಚಿನ ಪಂಚೆ ಇಲ್ಲ. ಹಿತ್ತಿಲಿಗೆ ಬಂದು ನೋಡುತ್ತೇನೆ, ತಂತಿಯ ಮೇಲೆ ಬೆಳ್ಳಗೆ ಚೌಕ ಚೌಕವಾಗಿ ಹಾರಾಡುತ್ತಿದೆ. ನಾಲ್ಕು ತಾಲ್ಲೂಕು ನಗಿಸಿ, ಒಗೆದು ಒಗೆದು ಮೆತ್ತಗಾಗಿದ್ದ ಪಂಚೆ. ಜರಿ ಚುಚ್ಚೀತೆಂದು ಅಂಚನ್ನು ಮಾತ್ರ ಹುಷಾರಾಗಿ ಕತ್ತರಿಸಿ ತೆಗೆಯಲಾಗಿತ್ತು. ಕೆಳಗೆ ಚಾಪೆಯ ಮೇಲೆ ಅದರದೇ ಒಂದು ತುಂಡಿನಲ್ಲಿ ಪುಟ್ಟಿ ಬರಿಮೈಯಲ್ಲಿ ಕಾಲು ಬಡಿಯುತ್ತ, ಯಾವ ಅಳುವೂ ಇಲ್ಲದೆ ಆಕಾಶ ನೋಡುತ್ತ ಮಲಗಿತ್ತು. ಇಷ್ಟು ದಿನದಲ್ಲಿ ನನ್ನಿಂದ ಆ ಮಗುವಿಗೆ ಸಂದ ಮೊದಲ ಉಪಕಾರ ಅದು, ಅದೂ ನನ್ನನ್ನು ಕೇಳದೆ. ಆದರೂ ಹೊಟ್ಟೆ ಉರಿಯಿತು.

"ಅಜ್ಜೀ, ಇವತ್ತು ಪ್ರೋಗ್ರಾಮು! ನಾನೇನ್ ಉಟ್ಕಂಡ್ ಓಗ್ಲಿ?"

ಅಜ್ಜಿ ಬಟ್ಟೆ ಹಿಂಡುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

"ನಿನ್ ಗಂಟ್ಲು ಸುಟ್ಟಿದ್ನ ನಿನ್ ಪಂಚೆ ತಣ್ಣಗ್ ಮಾಡ್ತಾದೆ, ಸುಮ್ಕಿರ್ಲಾ. ಜರಿ ಅಂಚ್ನ ಗೂಡಲ್ಲಿ ಮಡಗಿವ್ನಿ, ಅದ್ನೇ ಉಟ್ಕಂಡ್ ಓಗು."