ಪೂಜೆಗೆ ಇಟ್ಟ ಕಾರ್ಡು

ಬೆಂಗಳೂರು ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ ನನ್ನ ಏಳು ವರ್ಷದ ಮಗಳ ಕಾರ್ಡು ನೋಡಿ ಪಕ್ಕಕ್ಕಿಟ್ಟು, "ನಿಮ್ದು ಮೇಡಂ?" ಎಂದಳು. ಕೈಚೀಲದ ಒಳಜೇಬಿಗೆ ಕೈ ಹಾಕಿದೆ. ಖಾಲಿ. ಆಗಲೇ ನೆನಪಾಯಿತು: ಕಾರ್ಡು ಮೈಸೂರಿನಲ್ಲಿ, ತಮ್ಮನ ಮನೆಯ ದೇವರ ಮುಂದಿದೆ.

ನನಗೆ ಜಪಾನಿನ ತ್ಸುಕುಬಾದಲ್ಲಿ ಸಂಶೋಧನೆಯ ಕೆಲಸ. ಹದಿಮೂರು ವರ್ಷದಿಂದ ಅಲ್ಲಿದ್ದೇನೆ; ಖಾಯಂ ವಾಸದ ಅನುಮತಿ ಸಿಕ್ಕಿ ಎರಡು ವರ್ಷ. ಆ ಅನುಮತಿಗೆ ಗುರುತು ಈ ಕಾರ್ಡು. ಸೈಕಲ್ಲಿನಲ್ಲಿ ತರಕಾರಿ ತರಲು ಹೋದರೂ ಜೇಬಿನಲ್ಲಿ ಇರಲೇಬೇಕು.

ಅಂದು ಬೆಳಿಗ್ಗೆ ತಮ್ಮನ ಮನೆಯಲ್ಲಿ ಆಯುಧಪೂಜೆ. ತಮ್ಮ ಬೈಕಿನ ಕೀಲಿ, ಸ್ಪ್ಯಾನರು, ಲ್ಯಾಪ್‌ಟಾಪು ಜೋಡಿಸುತ್ತಿದ್ದ. ನಾನೂ ನನ್ನ ಕಾರ್ಡು ಇಟ್ಟೆ.

"ಇದ್ಯಾವ ಆಯುಧ ಅಕ್ಕಾ?"

"ನನ್ನ ಅನ್ನ ನಿಂತಿರೋದೇ ಇದರ ಮೇಲೆ ಕಣೋ, ಸುಮ್ನೆ ಕುಂಕುಮ ಹಚ್ಚು."

ಪೂಜೆಗೆ ಇಟ್ಟದ್ದನ್ನು ಆ ದಿನ ಎತ್ತುವುದಿಲ್ಲ. ಚಿಕ್ಕಂದಿನಲ್ಲಿ ಪುಸ್ತಕ ಪೂಜೆಗಿಟ್ಟು, ಓದುವ ಗೋಜಿಲ್ಲದೆ ಕುಣಿದವಳು ನಾನು. ಹೊರಡುವಾಗ ಇದೊಂದನ್ನು ಮಾತ್ರ ತೆಗೆದುಕೊಳ್ಳುತ್ತೇನೆ ಅಂದುಕೊಂಡಿದ್ದೆ. ಮಧ್ಯಾಹ್ನ ಊಟವಾಗುತ್ತಲೇ ಕಾರು ಬಂತು. ಪೂಜೆಯ ಕೋಣೆಯತ್ತ ತಿರುಗಿ ಕೈಮುಗಿದೆ, ಹೊರಟೆ.

"ಮಗು ಪೇಪರ್ಸ್ ಎಲ್ಲ ಸರಿ ಇದೆ ಮೇಡಂ. ಕಾರ್ಡ್ ಇಲ್ದೆ ನಿಮ್ಗೆ ಬೋರ್ಡಿಂಗ್ ಕೊಡೋಕಾಗಲ್ಲ," ಎಂದಳು ಕೌಂಟರಿನ ಹುಡುಗಿ.

ತಮ್ಮನಿಗೆ ಫೋನ್ ಮಾಡಿದೆ. "ಇಲ್ಲೇ ಇದೆ ಅಕ್ಕಾ, ಹೂವಿನ ಕೆಳಗೆ. ಈಗ್ಲೇ ಹೊರಡ್ತೀನಿ," ಎಂದ. ನಾಲ್ಕು ಗಂಟೆಯ ದಾರಿ. ಕೌಂಟರು ಮುಚ್ಚಲು ಒಂದು ಗಂಟೆಯೂ ಉಳಿದಿರಲಿಲ್ಲ.

ಮಗಳು ನನ್ನ ದುಪಟ್ಟಾ ಹಿಡಿದು ಕೇಳಿದಳು: "ಅಮ್ಮಾ, ನಾನ್ ಅಲೋನ್ ಹೋಗ್ಬೇಕಾ? ಅಪ್ಪ ಜಪಾನಲ್ಲಿ ವೆಯ್ಟಿಂಗ್ ಅಲ್ವಾ?"

ಅವಳನ್ನು ಹತ್ತಿರಕ್ಕೆ ಎಳೆದುಕೊಂಡು, ಮೇಲಿನವರನ್ನು ಕರೆಯಿರಿ ಎಂದು ಕೌಂಟರಿನ ಹುಡುಗಿಗೆ ಹೇಳಿದೆ.

ವಿಮಾನ ಕಂಪನಿಯ ಮೇಲ್ವಿಚಾರಕರು ಬಂದು ನನ್ನ ಪಾಸ್‌ಪೋರ್ಟನ್ನು ಒಂದೊಂದೇ ಹಾಳೆ ತಿರುವಿದರು. ಒಂದು ಮುದ್ರೆಯ ಮೇಲೆ ಅವರ ಬೆರಳು ನಿಂತಿತು. ಜಪಾನಿನಿಂದ ಹೊರಟಾಗ ಹಾಕಿದ್ದು, ಇವರು ಮರಳಿ ಬರುವವರು ಎಂದು ಹೇಳುವ ಮುದ್ರೆ. ಅದನ್ನು ಹಿಡಿದು ಅವರು ಜಪಾನಿನ ವಲಸೆ ಕಚೇರಿಗೆ ಫೋನ್ ಮಾಡಿದರು. ಎಷ್ಟು ಹೊತ್ತು ಮಾತಾಡಿದರೋ, ನನಗೆ ಕಾಣುತ್ತಿದ್ದದ್ದು ಅವರ ಬೆನ್ನು ಮಾತ್ರ. ಕೊನೆಗೆ ತಿರುಗಿ, "ಅಲ್ಲಿ ಇಳಿದ್ಮೇಲೆ ವಿಚಾರಿಸ್ತಾರೆ, ಹೋಗಿ," ಎಂದರು.

ವಿಚಾರಿಸಿದರು. ಬೇರೆ ಕೋಣೆಯಲ್ಲಿ ಕೂರಿಸಿ ಅರ್ಜಿ ಬರೆಸಿದರು, ಇಬ್ಬರನ್ನೂ ಒಳಗೆ ಬಿಟ್ಟರು.

ಆದರೆ ನನ್ನನ್ನು ಈಗಲೂ ಕಾಡುವುದು ಕೌಂಟರಲ್ಲ, ಆ ಕೋಣೆಯೂ ಅಲ್ಲ. ಹೊರಟ ದಿನ ಜಪಾನಿನಲ್ಲಿ ತುಂಬಿದ ಚೀಟಿ. ಮರಳಿ ಬರುತ್ತೇನೆ ಎಂದು ಗುರುತು ಹಾಕಲು ಅದರಲ್ಲೊಂದು ಚಿಕ್ಕ ಚೌಕ. ಮಗಳು ನೀರು ಬೇಕೆಂದು ಹಟ ಹಿಡಿದಿದ್ದಳು. ಆ ಚೌಕವನ್ನು ಖಾಲಿ ಬಿಟ್ಟೇ ಚೀಟಿ ಕೊಟ್ಟಿದ್ದೆ. ಅಧಿಕಾರಿ, "ಸುಮಿಮಾಸೆನ್," ಎಂದು ತಾನೇ ಕ್ಷಮೆ ಕೇಳಿ, ಪೆನ್ನಿನ ತುದಿಯಿಂದ ತೋರಿಸಿದ. ಗೀಟು ಹಾಕಿದೆ. ಹಾಕದಿದ್ದರೆ ಆ ಮುದ್ರೆ ಬೀಳುತ್ತಿರಲಿಲ್ಲ. ಹದಿಮೂರು ವರ್ಷದ ವಾಸ ಅಲ್ಲಿಗೇ ಮುಗಿಯುತ್ತಿತ್ತು. ಕಾರ್ಡು ಕೈಯಲ್ಲಿದ್ದರೂ ಉಪಯೋಗವಿರಲಿಲ್ಲ.

ಒಂದು ವಾರಕ್ಕೆ ಕಾರ್ಡು ಕೊರಿಯರಿನಲ್ಲಿ ಬಂತು. ಅಂಚಿನಲ್ಲಿ ಕುಂಕುಮ ಹಾಗೇ ಇತ್ತು.

ಈಗ ಎದುರಿನ ಕೊಂಬಿನಿ ಅಂಗಡಿಗೆ ಹಾಲು ತರಲು ಹೊರಟರೂ ಮಗಳು ಬಾಗಿಲಲ್ಲಿ ಅಡ್ಡ ನಿಲ್ಲುತ್ತಾಳೆ. "ಅಮ್ಮಾ, ಕಾರ್ಡ್?" ಇದೆ ಎಂದರೆ ಸಾಲದು. ತೆಗೆದು ತೋರಿಸಬೇಕು.