ನಾಬಾಲಿಗ ಹುಡುಗಿಯ ಅಳತೆ

ಮೊನ್ನೆ ಹೈದರಾಬಾದಿನ ಮಾದಾಪುರದ ನಮ್ಮ ಕಂಪನಿಯಲ್ಲಿ ಪ್ರಕಟಣೆ ಬಂತು: ಭಾನುವಾರದ ಸಂತೋಷಕೂಟಕ್ಕೆ ಎಲ್ಲರೂ ತಮ್ಮ ತಮ್ಮ ‘ವಾರ್ಡ್’ಗಳನ್ನು ಕರೆತರಬಹುದು. ಉಳಿದವರೆಲ್ಲ ಮಕ್ಕಳನ್ನು ಹೊರಡಿಸುವ ಯೋಚನೆಯಲ್ಲಿದ್ದರೆ ನನಗೆ ಮಾತ್ರ, ನನ್ನನ್ನೇ ಯಾರಾದರೂ ಕೈಹಿಡಿದು ಕರೆದುಕೊಂಡು ಹೋಗಬಾರದೇ ಅನ್ನಿಸಿತು. ತಲೆಯಲ್ಲಿ ನರೆ ಇಣುಕುತ್ತಿರುವ ಹೆಂಗಸಿಗೆ ಒಪ್ಪುವ ಆಸೆಯಲ್ಲ, ಗೊತ್ತು. ಆದರೂ ಹೇಳಿಬಿಡುತ್ತೇನೆ, ನಾನು ಅಂತಿಂಥ ವಾರ್ಡ್ ಅಲ್ಲ, ಕೋರ್ಟು ಒಪ್ಪಿದ ವಾರ್ಡ್.

ಅಪ್ಪ, ಅವ್ವ ಇಬ್ಬರೂ ತೀರಿಕೊಂಡಾಗ ನಾನಿನ್ನೂ ಚಿಕ್ಕವಳು. ಹೈದರಾಬಾದಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಸೋದರಮಾವ ನನ್ನನ್ನು ಕಲಬುರಗಿಯಿಂದ ಕರೆತಂದು, ಕಾಯಿದೆಯ ಪ್ರಕಾರ ಪಾಲಕರಾದರು. ವಾರ್ಡ್ ಎಂಬ ಮಾತಿನ ಹಳೆಯ ಅರ್ಥ ಕಾವಲು. ಗೇಟಿನ ಗಾರ್ಡ್, ಹಾಸ್ಟೆಲಿನ ವಾರ್ಡನ್ ಎಲ್ಲರೂ ಅದೇ ಬೇರಿನವರು. ಕಾಯುವ ಕೆಲಸದ ಹೆಸರು ಬರಬರುತ್ತಾ ಕಾವಲಲ್ಲಿರುವ ಮಗುವಿಗೂ ಅಂಟಿಕೊಂಡಿತು. ಧಾರವಾಡದ ಕಡೆಯ ಹಳೆಯ ಕಾಗದಗಳು ಇಂಥ ಮಗುವನ್ನು ಮುಲಾಜಿಲ್ಲದೆ ‘ಅಜ್ಞಾನ’ ಎಂದುಬಿಡುತ್ತವೆ. ಅದನ್ನು ಓದಿದಾಗ ನನ್ನ ಗಣಿತದ ಅಂಕಗಳು ನೆನಪಾಗಿ ತೆಪ್ಪಗಾದೆ. ಮಾವನ ಬಾಯಲ್ಲಿ ಇದ್ದದ್ದು ಹೈದರಾಬಾದಿನ ಮಾತು, ನಾಬಾಲಿಗ. ಅರಬ್ಬಿಯಲ್ಲಿ ಬಾಲಿಗ್ ಎಂದರೆ ತಲುಪಿದವರು, ವಯಸ್ಸಿಗೆ ಬಂದವರು. ನಾಬಾಲಿಗ ಎಂದರೆ ಇನ್ನೂ ತಲುಪದವರು, ದಾರಿಯಲ್ಲಿರುವವರು. ನನಗೆ ಇದೇ ಇಷ್ಟ.

ದಾರಿಯಲ್ಲಿರುವವರಿಗೆ ಬಟ್ಟೆ ಹೊಲಿಸುವ ಕ್ರಮವೇ ಬೇರೆ. ದಸರೆ ಬಂತೆಂದರೆ ಮಾವ ನನ್ನನ್ನು ಸುಲ್ತಾನ್ ಬಜಾರಿನ ದರ್ಜಿಯೊಬ್ಬನ ಬಳಿಗೆ ಎಳೆದೊಯ್ಯುತ್ತಿದ್ದರು. ಅವನು ಬೀದರಿನವನು, ಕನ್ನಡ ಬಲ್ಲವನು. ಅದೊಂದೇ ಕಾರಣಕ್ಕೆ ಮಾವ ಬೇರೆ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಅಳತೆ ಮುಗಿದ ಮೇಲೆ, ಮುಂದೆ ಬಿಚ್ಚಿ ಅಗಲ ಮಾಡಲು ಬರುವಂತೆ ಹೊಲಿಗೆಯ ಒಳಗೆ ಒಂದಿಷ್ಟು ಹೆಚ್ಚು ಬಟ್ಟೆ ಬಿಡಿಸುತ್ತಿದ್ದರು. ಹೀಗಾಗಿ ನನ್ನ ಫ್ರಾಕು ಹಳೆಯದಾಗುತ್ತಿತ್ತೇ ಹೊರತು ಚಿಕ್ಕದಾಗುತ್ತಿರಲಿಲ್ಲ.

ಕಾನೂನು ಹದಿನೆಂಟಕ್ಕೆ ಪಾಲಕನನ್ನು ಬಿಡುಗಡೆ ಮಾಡುತ್ತದೆ. ಮಾವನಿಗೆ ಅದನ್ನು ಯಾರೂ ತಿಳಿಸಿದಂತಿರಲಿಲ್ಲ. ಊರೆಲ್ಲ ಕಂಪ್ಯೂಟರು ಕಂಪ್ಯೂಟರು ಎನ್ನುತ್ತಿದ್ದ ಕಾಲದಲ್ಲಿ ನನಗೂ ನೌಕರಿ ಸಿಕ್ಕಾಗ, ಮತ್ತೆ ಅದೇ ಅಂಗಡಿಗೆ ಕರೆದೊಯ್ದು ಗಿಳಿಹಸಿರು ಕಮೀಜಿಗೆ ಅಳತೆ ಕೊಡಿಸಿದರು. ಒಳಗೆ ಬಟ್ಟೆ ಬಿಡು ಎಂದಾಗ ದರ್ಜಿ ನಕ್ಕುಬಿಟ್ಟ.

“ಇನ್ನೆಲ್ಲಿ ಬೆಳೀತಾರ್ರಿ ಇವರು?”

“ಅದು ನಿನಗ್ಯಾಕಪಾ? ನಮ್ಮ ಹುಡುಗಿ ಇನ್ನಾ ಬೆಳಿಯಾಕತ್ತಾಳ,” ಅಂದರು ಮಾವ.

ಈಗ ಮಾವ ಇಲ್ಲ. ಅವರ ಮಾತು ಮಾತ್ರ ಸುಳ್ಳಾಗಲಿಲ್ಲ; ಕಂಪನಿಯ ಕುರ್ಚಿಯಲ್ಲಿ ಕೂತು ಕೂತು ನಾನು ಅಡ್ಡಡ್ಡ ಬೆಳೆದೆ. ಅವರು ಹೊಲಿಸಿಕೊಟ್ಟದ್ದರಲ್ಲಿ ಉಳಿದಿರುವುದು ಆ ಕಮೀಜೊಂದೇ, ಅದೂ ಮೈಗೆ ಹತ್ತದು. ಭಾನುವಾರ ಅದನ್ನೇ ಹಾಕಿಕೊಳ್ಳಬೇಕೆಂಬ ಹಟ ಹುಟ್ಟಿತು. ಸುಲ್ತಾನ್ ಬಜಾರಿಗೆ ಹೋಗುವ ದಾರಿಯುದ್ದಕ್ಕೂ ಒಂದೇ ಅಳುಕು: ಹೊಲಿಗೆಯೊಳಗೆ ಬಿಟ್ಟ ಬಟ್ಟೆ ಸಾಲದೇ ಹೋದರೆ?

ದರ್ಜಿಯೂ ಮುದುಕನಾಗಿದ್ದಾನೆ. ಕನ್ನಡಕ ಏರಿಸಿ ಹೊಲಿಗೆ ಬಿಚ್ಚಿದ. ಹೊರಗಿನ ಹಸಿರು ತೊಳೆದು ತೊಳೆದು ಬೂದಿಯ ಬಣ್ಣಕ್ಕೆ ತಿರುಗಿತ್ತು. ಒಳಗೆ ಮಾವ ಬಿಡಿಸಿದ್ದ ಪಟ್ಟಿ ಮಾತ್ರ ಅಂದು ಕೊಂಡಾಗಿನ ಹಾಗೇ ಗಿಳಿಹಸಿರು. ನನಗೆ ಅಳು ಬಂತು. ಅವನು ಹೊಲಿಗೆಯನ್ನೇ ನೋಡುತ್ತಾ ಕೂತ.

ಬಟ್ಟೆ ಸಾಕಾಯಿತು, ಇನ್ನೂ ಒಂದಿಷ್ಟು ಉಳಿಯಿತು.

“ಉಳದದ್ದು ಕತ್ತರಿಸಿ ಬಿಡ್ಲೇನ್ರಿ?” ಎಂದು ಕೇಳಿದ.

“ಬ್ಯಾಡ್ರಿ, ಒಳಗ ಇರ್ಲಿ,” ಎಂದೆ. “ನಾ ಇನ್ನಾ ಬೆಳಿಯಾಕತ್ತೀನಿ.”