ಹಳೆಯ ಆಟಗಾರನ ತೂಕ

ಭಾನುವಾರ ಸಂಜೆ ಐದು ಇಪ್ಪತ್ತಕ್ಕೆ ಶಹಾಪುರದ ಮೈದಾನದಲ್ಲಿ, ಬುಡ ತುಕ್ಕು ಹಿಡಿದ ಬ್ಯಾಸ್ಕೆಟ್‌ಬಾಲ್ ಕಂಬ ಒಮ್ಮೆ ಕಿರ್ರೆಂದಿತು. ಕೇಳಿಸಿತು, ಆದರೆ ನಾನು ವಾದದಲ್ಲಿ ಮುಳುಗಿದ್ದೆ.

ವಾದ ನಮ್ಮ ಮನೆಯ ಹಳೆಯದು. ತಮ್ಮ ಕಾಲದಲ್ಲಿ ಯಾದಗಿರಿಯಿಂದ ಸುರಪುರದವರೆಗೆ ತಮ್ಮಷ್ಟು ಪಾಯಿಂಟು ಹೊಡೆದವರಿಲ್ಲ ಎನ್ನುತ್ತಾರೆ ಸಿದ್ದಣ್ಣ ಕಾಕಾ. ಕಾಲೇಜು ತಂಡದಲ್ಲಿ ಆಡುವ ನನ್ನ ತಮ್ಮ ಮಲ್ಲು ನಗುತ್ತಾನೆ: "ಇಪ್ಪತ್ತು ಪಾಯಿಂಟಿಗೆ ನಿಮ್ಮ ಮ್ಯಾಚೇ ಮುಗೀತಿತ್ತಲ್ರಿ ಕಾಕಾ. ನಾವು ಚಾ ಕುಡಿಯೋದ್ರಾಗ ಅಷ್ಟು ಹೊಡಿತೀವಿ."

ಮನೆಯಲ್ಲಿ ಹೆಚ್ಚು ಓದಿದವನು ನಾನು. ಇಬ್ಬರಿಗೂ ಹಿಡಿಸದ ತೀರ್ಪು ಕೊಡುವುದು ನನ್ನ ಕೆಲಸ. ಬಳಿಚಕ್ರದ ಮಳೆಯ ಹೊಲದ ಜೋಳವನ್ನು ಶಹಾಪುರದ ಕಾಲುವೆ ನೀರಿನ ಭತ್ತದ ಪಕ್ಕ ಇಟ್ಟು ತೂಗುತ್ತೇವೆಯೇ? ಕಾಕಾನ ಕಾಲದ ಗರಸುಕಲ್ಲಿನ ನೆಲದಲ್ಲಿ ಚೆಂಡು ಎತ್ತ ಪುಟಿಯುವುದೋ ಯಾರಿಗೂ ತಿಳಿಯದು. ಆಗ ಎಷ್ಟು ದೂರದಿಂದ ಹಾಕಿದರೂ ಎರಡೇ ಪಾಯಿಂಟು. ಎಷ್ಟು ಹೊಡೆದ ಎನ್ನುವುದಕ್ಕಿಂತ ತಂಡ ಹೊಡೆದದ್ದರಲ್ಲಿ ಅವನ ಪಾಲೆಷ್ಟು ಎಂದು ಕೇಳಬೇಕು. ಆ ಭಾನುವಾರ ಹಳಬರಿಗೂ ಈಗಿನವರಿಗೂ ಪಂದ್ಯ ನಡೆದಿತ್ತು. ಪಕ್ಕದವರಿಗೆ ನಾನು ಇದನ್ನೇ ಬೋಧಿಸುತ್ತಿದ್ದೆ.

ಚೆಂಡು ಕಾಕಾನ ಕೈಯಲ್ಲಿತ್ತು. ಅವರನ್ನು ತಡೆಯಲು ಮಲ್ಲು ರಿಂಗಿನ ಕೆಳಗೆ, ಕಂಬಕ್ಕೆ ಬೆನ್ನು ಮಾಡಿ ನಿಂತಿದ್ದ. ಕಂಬ ಅವನತ್ತ ಬಾಗತೊಡಗಿತು. ನಾನು ಧಡಕ್ಕನೆ ಎದ್ದೆ. ಕಾಕಾ ಚೆಂಡು ಹಾಕುವವರಂತೆ ಕೈ ಎತ್ತಿ, ಥಟ್ಟನೆ ಬಲಕ್ಕೆ ಓಡಿದರು. ಮಲ್ಲು ಬೆನ್ನು ಹತ್ತಿದ. ಅವನು ನಿಂತಿದ್ದ ಜಾಗದ ಮೇಲೆ ಬೋರ್ಡು ಅಪ್ಪಳಿಸಿತು.

"ಒಂದು ಸಲ ಕೂಗಬಾರದಿತ್ತೇನ್ರಿ ಕಾಕಾ?" ಎಂದೆ ಆಮೇಲೆ.

"ಕೂಗಿದ್ರ ಹೊಳ್ಳಿ ನೋಡ್ಕೋತ ಅಲ್ಲೇ ನಿಂದರತಿದ್ದ. ಚೆಂಡು ತಗೊಂಡು ಓಡಿದ್ರ ಬಂದೇ ಬರ್ತಾನ."

ಹಾಗೆ ಎಳೆದದ್ದಕ್ಕೆ ಯಾರೂ ಪಾಯಿಂಟು ಬರೆಯುವುದಿಲ್ಲ. ಹಳೆಯ ಆಟಗಾರ ಎಷ್ಟು ಜನರನ್ನು ನಿಂತ ಜಾಗದಿಂದ ಕಿತ್ತ ಎಂಬುದನ್ನು ಅವನನ್ನು ತಡೆಯಲು ನಿಂತವರಷ್ಟೇ ಬಲ್ಲರು. ಇಷ್ಟು ತಿಳಿದ ಮೇಲೂ ನಾಲ್ಕು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ, ಕಾಕಾ ಓಡುತ್ತಾರೆ, ಮಲ್ಲು ಮಾತ್ರ ಕದಲುವುದಿಲ್ಲ. ಹಗಲಲ್ಲೂ ನೆಮ್ಮದಿಯಿಲ್ಲ: ಮಲ್ಲು ಕಾಕಾನ ಎದುರು ತಲೆ ತಗ್ಗಿಸಿ ಓಡಾಡುತ್ತಿದ್ದ, ಕಾಕಾ ಬಡಾಯಿಯನ್ನೇ ಬಿಟ್ಟಿದ್ದರು. ಆ ಮರ್ಯಾದೆ ನೋಡಿದಾಗಲೆಲ್ಲ ಕಂಬ ಇನ್ನೂ ಬೀಳುತ್ತಲೇ ಇದೆ ಅನಿಸುತ್ತಿತ್ತು.

ಗುರುವಾರ ರಾತ್ರಿ ಊಟದ ಹೊತ್ತಿಗೆ ಮಲ್ಲು ರೊಟ್ಟಿ ಮುರಿಯುತ್ತಾ, "ಖರೇ ಹೇಳ್ರಿ ಕಾಕಾ, ಅವತ್ತು ನೀವು ಹಾಕಿದ್ರೂ ಆ ಚೆಂಡು ಒಳಗ ಬೀಳ್ತಿದ್ದಿಲ್ಲ" ಎಂದ.

"ಏನಂದಿಲೇ? ಕಂಬ ನಿಂತಿದ್ರ ತೋರಿಸ್ತಿದ್ದೆ ಮಗನ!"

ಇಬ್ಬರ ದನಿಯೂ ಏರಿತು. ಅವ್ವ ಇಬ್ಬರನ್ನೂ ಬೈದಳು. ಜಗಳ ಇನ್ನೂ ನಡೆದಿರುವಾಗಲೇ ನಾನು ಹಾಸಿಗೆಗೆ ಹೋದೆ. ಕಣ್ಣು ಬಿಟ್ಟಾಗ ಶುಕ್ರವಾರದ ಬಿಸಿಲು ಅಂಗಳ ತುಂಬಿತ್ತು.